ಅಭ್ಯರ್ಥಿಯ ನಾಡಿ ಹಿಡಿದವರು

ಅವರು ರಾಜಕಾರಣಿಗಳ ಭಾಷಣವನ್ನು ಕೈಗಡಿಯಾರ ನೋಡಿಕೊಂಡು ಕೇಳುತ್ತಿದ್ದರು. ಅಮೆರಿಕದ ಅಧ್ಯಕ್ಷನಾಗಲು ಹೊರಟವನೊಬ್ಬ ವೇದಿಕೆ ಹತ್ತಿ ತೆರಿಗೆ, ಕೆಲಸ, ಶಾಲೆ, ಸೈನ್ಯ ಎಂದು ಮುಕ್ಕಾಲು ಗಂಟೆ ಮಾತಾಡಿದರೆ, ಅದರಲ್ಲಿ ಏಡ್ಸ್ ರೋಗದ ಪಾಲಿಗೆ ಎಷ್ಟು ಸೆಕೆಂಡು ಬಂತು ಎಂದು ಎಣಿಸುವುದು ಅವರ ಅಭ್ಯಾಸ. ಭಾಷಣ ಮುಗಿದ ಕೂಡಲೇ ನನ್ನ ಕಡೆ ತಿರುಗಿ "ಸೊನ್ನೆ" ಎನ್ನುತ್ತಿದ್ದರು. ತೊಂಬತ್ತೆರಡರ ಆ ಚುನಾವಣೆಯ ವರ್ಷ ಅವರ ಬಾಯಲ್ಲಿ ನಾನು ಕೇಳಿದಷ್ಟು ಸೊನ್ನೆಗಳನ್ನು ನಮ್ಮ ಗಣಿತದ ಮೇಷ್ಟರ ಬಾಯಲ್ಲೂ ಕೇಳಿಲ್ಲ.

ಹೋದ ತಿಂಗಳು ಅವರ ಕ್ಲಿನಿಕ್ಕಿನವರು ನಿವೃತ್ತಿಯ ಸಮಾರಂಭ ಮಾಡಿ ಅವರನ್ನು ಬೀಳ್ಕೊಟ್ಟರು. ಎರಡು ಮಾತಾಡು ಎಂದು ನನ್ನನ್ನೂ ಕರೆದಿದ್ದರು. ಹೋದೆ, ಮೈಕಿನ ಮುಂದೆ ನಿಂತೆ, ಅವರ ಮುಖ ನೋಡಿದೆ. ಅವರು ಗಡಿಯಾರ ನೋಡುತ್ತಿದ್ದರು. ನನಗೆ ನಗು ಬಂದು ಮಾತೇ ಹೊರಡಲಿಲ್ಲ. ಅಂದು ಆಡದೇ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ಬರೆದರೆ ಫೋನ್ ಮಾಡಿ ಬಯ್ಯುತ್ತಾರೆ.

ಅವರು ಬಾಗಲಕೋಟೆ ಕಡೆಯವರು. ಹುಬ್ಬಳ್ಳಿಯಲ್ಲಿ ಡಾಕ್ಟರಿಕೆ ಓದಿ, ಮದುವೆಯಾಗಿ, ಗಂಡನ ಜೊತೆ ಈ ದೇಶಕ್ಕೆ ಬಂದವರು. ಗಂಡ ಬಟ್ಟೆ ಗಿರಣಿಯ ಇಂಜಿನಿಯರು, ಕೆಲಸ ನಾಲ್ಕು ಗಂಟೆ ದಾರಿಯ ಷಾರ್ಲೆಟ್ ಹತ್ತಿರ. ಇವರ ಕೆಲಸ ಅಟ್ಲಾಂಟಾದ ಸರ್ಕಾರಿ ಕ್ಲಿನಿಕ್ಕಿನಲ್ಲಿ, ಏಡ್ಸ್ ರೋಗಿಗಳ ವಿಭಾಗದಲ್ಲಿ. ಅಲ್ಲಿನ ರೋಗಿಗಳ ದಾಖಲೆಯನ್ನೆಲ್ಲ ಕಂಪ್ಯೂಟರಿಗೆ ಏರಿಸುವ ಕೆಲಸಕ್ಕೆಂದು ನಾನು ತೊಂಬತ್ತೊಂದರಲ್ಲಿ ಸೇರಿದೆ. ಮೊದಲ ದಿನ ಅವರ ಕೋಣೆಯ ಬಾಗಿಲು ತಟ್ಟಿದೆ.

"ಮೈಸೂರೇನು?" ಎಂದರು, ನಾನಿನ್ನೂ ಹೆಸರು ಹೇಳಿರಲಿಲ್ಲ.

"ಹೌದು ಡಾಕ್ಟ್ರೇ. ಹೇಗೆ ಗೊತ್ತಾಯ್ತು?"

"ಬಾಗಲಾ ಬಡದ ರೀತಿ ಕೇಳಿ. ನಮ್ಮ ಕಡೆಯವರಾಗಿದ್ರ ಬಾಗಲಾ ಮುರದ ಬರ್ತಿದ್ರು. ಬಾ, ಕುಂದರು. ಊಟ ಆತೇನು?"

ಬೆಳಗಿನ ಒಂಬತ್ತೂವರೆ ಗಂಟೆ. ಆದರೂ ಡಬ್ಬಿ ತೆಗೆದು ಸಜ್ಜೆ ರೊಟ್ಟಿ ಕೈಗಿಟ್ಟರು.

ಐದಡಿಗೆ ಕೊಂಚ ಕಡಿಮೆ ಎತ್ತರ. ಇಳಕಲ್ ಸೀರೆ, ಅದರ ಮೇಲೆ ಬಿಳಿ ಕೋಟು, ಕಾಲಿಗೆ ಓಟಗಾರರು ಹಾಕುವಂಥ ಬಿಳಿ ಶೂ. ಓಡಿಸುತ್ತಿದ್ದುದು ದೋಣಿಯಷ್ಟು ಉದ್ದದ ಹಳೆಯ ಸ್ಟೇಷನ್ ವ್ಯಾಗನ್. ಸ್ಟಿಯರಿಂಗ್ ಮೇಲಿಂದ ರಸ್ತೆ ಕಾಣಲೆಂದು ಅಟ್ಲಾಂಟಾದ ದಪ್ಪ ಟೆಲಿಫೋನ್ ಡೈರೆಕ್ಟರಿಯ ಮೇಲೆ ಕೂರುತ್ತಿದ್ದರು. "ಇಡೀ ಊರನ್ನ ಕೆಳಗ ಇಟಗೊಂಡ ಹೊಂಟೀನಿ ನೋಡು" ಎಂದು ಹೇಳಿ, ತಾವೇ ಮೊದಲು ನಗುತ್ತಿದ್ದರು. ಆ ನಗು ಕಾರಿಡಾರಿನ ಆ ತುದಿಗೆ ಕೇಳುತ್ತಿತ್ತು. ಸಾವಿನ ಸುದ್ದಿ ವಾರಕ್ಕೆರಡು ಬರುತ್ತಿದ್ದ ಕಡೆ ಅಷ್ಟು ಜೋರಾಗಿ ನಗುವುದು ಸರಿಯೇ ಎಂದು ಹೊಸ ನರ್ಸೊಬ್ಬಳು ಕೇಳಿದ್ದಳಂತೆ. "ಅವರು ಇಲ್ಲಿಗೆ ಬರೂದು ಬದುಕಾಕ. ಅಳು ಮುಖಾ ನೋಡಾಕ ಅಲ್ಲ" ಎಂದಿದ್ದರಂತೆ.

ಆ ಕಾಲದಲ್ಲಿ ಆ ರೋಗಿಗಳನ್ನು ಮುಟ್ಟಲು ಆಸ್ಪತ್ರೆಯವರೇ ಅಂಜುತ್ತಿದ್ದರು. ಊಟದ ತಟ್ಟೆಯನ್ನು ಬಾಗಿಲ ಹೊರಗಿಟ್ಟು ಹೋಗುವವರಿದ್ದರು. ಇವರು ಒಳಗೆ ಹೋದವರೇ ಮೊದಲು ರೋಗಿಯ ಎರಡೂ ಕೈ ಹಿಡಿದುಕೊಳ್ಳುತ್ತಿದ್ದರು, ಮಾತು ಆಮೇಲೆ. "ಈ ಜಡ್ಡು ಮುಟ್ಟಿದ್ರ ಬರೂದಿಲ್ಲ. ಮುಟ್ಟಲಿಲ್ಲಂದ್ರ ಬ್ಯಾರೆ ಜಡ್ಡು ಬರ್ತೈತಿ. ಅದಕ್ಕ ಔಷಧ ಇಲ್ಲ" ಎಂಬುದು ಅವರ ಮಾತು.

ಅವರ ರೋಗಿಗಳಲ್ಲಿ ವಾಲ್ಟರ್ ಎಂಬವನಿದ್ದ. ಮೂವತ್ತೈದರ ಆಸುಪಾಸಿನ ಕರಿಯ, ಉದ್ದ ಬೆರಳುಗಳ, ಬಾಯಿ ತುಂಬ ಮಾತಿನ ಮನುಷ್ಯ. ಸೌತ್ ಕೆರೊಲಿನಾದ ಒಂದು ಸಣ್ಣ ಊರಿನ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದ. ಅವನು ಗಂಡಸರನ್ನು ಪ್ರೀತಿಸುವವನು ಎಂಬುದೂ, ಈ ಕಾಯಿಲೆಯೂ ಒಂದೇ ವಾರದಲ್ಲಿ ಊರಿಗೆ ಗೊತ್ತಾಗಿ, ಅಲ್ಲಿರಲಾರದೆ ಅಟ್ಲಾಂಟಾಕ್ಕೆ ಬಂದಿದ್ದ. ಮೂರು ವರ್ಷದಿಂದ ಊರ ಕಡೆ ತಲೆ ಹಾಕಿರಲಿಲ್ಲ. ಇವರನ್ನು "ಯವ್ವಾ" ಎಂದು ಕರೆಯುವುದನ್ನು ಯಾರಿಂದ ಕಲಿತನೋ ಕಾಣೆ. ಇಂಜೆಕ್ಷನ್ ಕೊಡುವಾಗ "ಸಾಕ್ರೀ ಯವ್ವಾ" ಎಂದು ಅಚ್ಚ ಬಾಗಲಕೋಟೆಯವನಂತೆ ಕೂಗುತ್ತಿದ್ದ.

ಈಗ ನನ್ನ ಒಂದು ಸಣ್ಣತನವನ್ನೂ ಹೇಳಬೇಕು. ತೊಂಬತ್ತೆರಡರ ಸಂಕ್ರಾಂತಿಗೆ ಅಟ್ಲಾಂಟಾದ ಹೊರಗೆ ಡುಲುತ್ ಕಡೆಯ ಶಾಲೆಯೊಂದರ ಊಟದ ಹಾಲ್ ಬಾಡಿಗೆ ಹಿಡಿದು ಕನ್ನಡದವರೆಲ್ಲ ಸೇರಿದ್ದೆವು. ಪ್ರತಿ ಮನೆಯಿಂದ ಒಂದೊಂದು ಅಡುಗೆ. ಇವರು ಷಾರ್ಲೆಟ್‌ನಿಂದ ಗಂಡನನ್ನೂ ಕರೆಸಿಕೊಂಡು, ಇಬ್ಬರೂ ಕೂತು ಮಾಡಿದ ಶೇಂಗಾ ಹೋಳಿಗೆಯನ್ನು ದೊಡ್ಡ ಟ್ರೇ ತುಂಬ ತಂದಿದ್ದರು. ಬಿಸಿಬೇಳೆ ಬಾತ್ ಮುಗಿಯಿತು, ಪುಳಿಯೋಗರೆ ಮುಗಿಯಿತು. ಹೋಳಿಗೆಯ ಟ್ರೇ ಇಟ್ಟಂತೆಯೇ ಇತ್ತು. ಇವರು ಏಡ್ಸ್ ರೋಗಿಗಳನ್ನು ಮುಟ್ಟುವವರು ಎಂಬುದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ನನ್ನ ಗಂಡ ಕಿವಿಯಲ್ಲಿ "ತಗೋ, ಆದ್ರೆ ತಿನ್ಬೇಡ, ಸುಮ್ನೆ ರಿಸ್ಕ್ ಯಾಕೆ" ಅಂದ. ಅವರ ಡಬ್ಬಿಯ ರೊಟ್ಟಿಯನ್ನು ಮೊದಲ ದಿನವೇ ತಿಂದವಳು ನಾನು. ಏನೂ ಆಗುವುದಿಲ್ಲ ಎಂದು ಕ್ಲಿನಿಕ್ಕಿನಲ್ಲಿ ದಿನಾ ಓದುತ್ತಿದ್ದವಳು. ಆದರೂ ಅಷ್ಟು ಜನರ ನಡುವೆ ಅದನ್ನು ಬಾಯಿಗಿಡಲು ನನ್ನಿಂದಾಗಲಿಲ್ಲ. ಹೋಳಿಗೆಯನ್ನು ಪೇಪರ್ ಟವಲಿನಲ್ಲಿ ಸುತ್ತಿ ಕಸದ ಡಬ್ಬಿಗೆ ಹಾಕಿದೆ. ತಲೆಯೆತ್ತಿದರೆ ಅವರು ನನ್ನನ್ನೇ ನೋಡುತ್ತಿದ್ದರು.

ಅಷ್ಟರಲ್ಲಿ ಹಿರಿಯರೊಬ್ಬರು ಕೇಳಿಯೇಬಿಟ್ಟರು. "ಡಾಕ್ಟ್ರೇ, ನೀವು ಎಲೆಕ್ಷನ್ ಮೀಟಿಂಗ್‌ಗೆಲ್ಲಾ ಹೋಗಿ ಕ್ವೆಶ್ಚನ್ ಕೇಳ್ತೀರಂತೆ. ನಾವು ವೀಸಾ ಮೇಲೆ ಇರೋರು. ನಮ್ಗ್ಯಾಕೆ ಇವ್ರ ಪಾಲಿಟಿಕ್ಸು?"

"ಅಂಕಲ್, ಅಧ್ಯಕ್ಷ ಆಗಾಂವ ಔಷಧಕ್ಕ ರೊಕ್ಕಾ ಕೊಟ್ರ ನನ್ನ ಪೇಶಂಟ್ ಬದುಕ್ತಾನ. ಕೊಡಲಿಲ್ಲಂದ್ರ ಇಲ್ಲ. ಇನ್ನ ಇದು ಪಾಲಿಟಿಕ್ಸ್ ಅಂದ್ರ ಪಾಲಿಟಿಕ್ಸು, ಡಾಕ್ಟರಿಕಿ ಅಂದ್ರ ಡಾಕ್ಟರಿಕಿ" ಎಂದರು. ಆಮೇಲೆ ಟ್ರೇ ಎತ್ತಿಕೊಂಡು, "ಹೋಳಿಗಿ ಉಳದಾವು. ಚೊಲೊ ಆತು, ನಾಳೆ ಕ್ಲಿನಿಕ್‌ನ್ಯಾಗ ಕಸಗೊಂಡು ತಿಂತಾರ" ಎಂದು ನಕ್ಕರು. ನನ್ನ ಕಡೆ ನೋಡಲಿಲ್ಲ. ಮರುದಿನವೂ ಆ ಮಾತು ಎತ್ತಲಿಲ್ಲ. ಬೈದಿದ್ದರೆ ನಾನು ಹಗುರಾಗುತ್ತಿದ್ದೆ.

ಎತ್ತಿದ್ದು ಬೇರೆ ಮಾತು. "ತಂಗಿ, ಶನಿವಾರ ಖಾಲಿ ಇದ್ದೀ ಏನು? ಮೀಟಿಂಗಿಗೆ ಹೋಗೂದೈತಿ. ಮ್ಯಾಪ್ ಓದಾಕ ಒಬ್ಬರು ಬೇಕು." ಗಂಡನನ್ನು ನೋಡಲು ಶುಕ್ರವಾರ ಷಾರ್ಲೆಟ್‌ಗೆ ಡ್ರೈವ್ ಮಾಡುವುದು ಅವರಿಗೆ ಹೇಗೂ ಇದ್ದದ್ದೇ. ಅಭ್ಯರ್ಥಿಗಳೆಲ್ಲ ಆಗ ಜಾರ್ಜಿಯಾ ಮತ್ತು ಎರಡೂ ಕೆರೊಲಿನಾಗಳ ಊರೂರು ಸುತ್ತುತ್ತಿದ್ದುದರಿಂದ ದಾರಿಯಲ್ಲೇ ಎಲ್ಲಾದರೊಂದು ಸಭೆ ಸಿಗುತ್ತಿತ್ತು. ಯಾವ ಪಕ್ಷದ್ದಾದರೂ ಸರಿ, ಇವರು ಕಾರು ನಿಲ್ಲಿಸುತ್ತಿದ್ದರು. ಅಪರಾಧಿ ಮನಸ್ಸಿನಿಂದಲೇ ನಾನು ಮ್ಯಾಪ್ ಹಿಡಿದು ಪಕ್ಕದಲ್ಲಿ ಕೂತೆ.

ಷಾರ್ಲೆಟ್‌ನ ಮೊದಲ ಸಭೆ ನೆನಪಿದೆ. ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಕೊಡಿ ಎಂದರು. ಇವರು ಬರೆದರು: "ನನ್ನ ಏಡ್ಸ್ ರೋಗಿಗಳಿಗೆ ಏನು ಮಾಡುತ್ತೀರಿ?" ಚೀಟಿ ತೆಗೆಯುವ ಹುಡುಗಿ ಅದನ್ನು ಓದಿ, ಗಲ್ಲ ಕೆಂಪು ಮಾಡಿಕೊಂಡು, ಎಲ್ಲಕ್ಕಿಂತ ಕೆಳಗೆ ಸೇರಿಸಿದಳು. ಸಭೆ ಮುಗಿಯಿತು. ಸೊನ್ನೆ. ಎರಡನೇ ಸಭೆಗೆ ಇವರು ಉಪಾಯ ಹುಡುಕಿದ್ದರು. ಟೀವಿಯವರ ಕಣ್ಣು ಬಣ್ಣದ ಕಡೆ ಹೋಗುತ್ತದೆ ಎಂದು ಗಿಳಿಹಸಿರು ಮೈಯ, ಕೆಂಪು ಸೆರಗಿನ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತರು. ಅವರ ಗಂಡ ಬೆಳಿಗ್ಗೆಯೇ ಎದ್ದು ಅದಕ್ಕೆ ಇಸ್ತ್ರಿ ಹಾಕಿ ಕೊಟ್ಟಿದ್ದರು. ಮೈಕು ನಿಜಕ್ಕೂ ಬಂತು. ಆದರೆ ಅಭ್ಯರ್ಥಿ ಇವರಿಗೆ ಬಾಯಿ ತೆರೆಯಲು ಬಿಡದೆ, "ಎಷ್ಟು ಸುಂದರ ಉಡುಪು! ಭಾರತದವರು ಬಹಳ ಶ್ರಮಜೀವಿಗಳು" ಎಂದು ಹೊಗಳಿ ಮುಂದೆ ಹೋದ. ಕಾರಿನಲ್ಲಿ ಕೂತ ಮೇಲೆ "ಸೀರಿಗೆ ಹನ್ನೆರಡು ಸೆಕೆಂಡು, ಜಡ್ಡಿಗೆ ಸೊನ್ನೆ" ಎಂದರು. ಇಬ್ಬರೂ ನಕ್ಕು ನಕ್ಕು ಹೆದ್ದಾರಿಯ ತಿರುವು ತಪ್ಪಿಸಿಕೊಂಡೆವು. ಮ್ಯಾಪ್ ನನ್ನ ಕೈಯಲ್ಲೇ ಇತ್ತು.

ಆಮೇಲಿನದು ಸೌತ್ ಕೆರೊಲಿನಾದ ಬಾರ್ಬೆಕ್ಯೂ. ಬಯಲಿನಲ್ಲಿ ಉದ್ದುದ್ದ ಬೆಂಚು ಹಾಕಿ, ಕೆಂಡದ ಮೇಲೆ ಹಂದಿ ಬೇಯಿಸಿ, ಊರಿಗೆಲ್ಲ ಊಟ ಹಾಕುವ ಸಭೆ. ಅದು ವಾಲ್ಟರನ ಊರಿನ ಪಕ್ಕದಲ್ಲೇ ನಡೆಯಲಿತ್ತು. ಅವನನ್ನೂ ಕರೆದುಕೊಂಡು ಹೋಗುವುದೆಂದು ಇವರು ತೀರ್ಮಾನಿಸಿದರು.

"ಯವ್ವಾ, ಅಲ್ಲಿ ಎಲ್ಲರೂ ನನ್ನನ್ನು ಬಲ್ಲವರು" ಎಂದ ವಾಲ್ಟರ್.

"ಅದಕ್ಕ ಹೋಗೂದು" ಎಂದರು ಇವರು.

ದಾರಿಯುದ್ದಕ್ಕೂ ಅವನು ಹಿಂದಿನ ಸೀಟಿನಲ್ಲಿ ಮಾತಿಲ್ಲದೆ ಕೂತಿದ್ದ. ಅದೇ ನನಗೆ ಹೆದರಿಕೆ ಹುಟ್ಟಿಸಿತು. ಅಂಗಿಯ ಮೇಲೆ ದೊಡ್ಡ ಬಿಲ್ಲೆ ಸಿಕ್ಕಿಸಿಕೊಂಡಿದ್ದ: "ನನಗೆ ಏಡ್ಸ್ ಇದೆ. ನನ್ನ ಜೊತೆ ಮಾತಾಡಿ." ಬಯಲಿಗೆ ಕಾಲಿಟ್ಟ ಕೂಡಲೇ ಜನ ಅವನನ್ನು ಗುರುತಿಸಿದರು, ಬಿಲ್ಲೆಯನ್ನೂ ಓದಿದರು. ನಾವು ಕೂತ ಬೆಂಚಿನ ಮೇಲೆ ಇನ್ನೂ ಆರು ಜನಕ್ಕೆ ಜಾಗವಿತ್ತು. ಒಬ್ಬರೂ ಬರಲಿಲ್ಲ. ಇವರು ಲಿಂಗಾಯತರು, ಮಾಂಸ ಮುಟ್ಟದವರು. ಅಷ್ಟು ದೊಡ್ಡ ಔತಣದಲ್ಲಿ ಮೆಕ್ಕೆಜೋಳದ ಬ್ರೆಡ್ಡು, ಹಸಿ ಎಲೆಕೋಸು ಹಾಕಿಸಿಕೊಂಡು ಬಂದು, "ಇದು ನಮ್ಮ ರೊಟ್ಟಿಯ ಪರದೇಸಿ ತಮ್ಮ" ಎನ್ನುತ್ತ ಆನಂದವಾಗಿ ತಿನ್ನತೊಡಗಿದರು.

ಅಭ್ಯರ್ಥಿ ಬಂದ. ಅವನ ಹೆಸರೂ ಬೇಡ. ಕೆಲವೇ ವಾರಗಳಲ್ಲಿ ಸ್ಪರ್ಧೆ ಬಿಟ್ಟ ಹಲವರಲ್ಲಿ ಒಬ್ಬ. ಬೆಂಚಿನಿಂದ ಬೆಂಚಿಗೆ ಎಲ್ಲರ ಕೈ ಕುಲುಕುತ್ತ ಬರುತ್ತಿದ್ದ. ನಮ್ಮ ಬೆಂಚು ಹತ್ತಿರವಾದಾಗ ಜೊತೆಯಲ್ಲಿದ್ದವನೊಬ್ಬ ಕಿವಿಯಲ್ಲಿ ಏನೋ ಹೇಳಿದ. ಅಭ್ಯರ್ಥಿ ನನ್ನ ಕೈ ಕುಲುಕಿದ, ಇವರ ಕೈ ಕುಲುಕಿದ, ವಾಲ್ಟರನ ಕಡೆ ನೋಡಿ ಎಡಗೈ ಬೀಸಿ ಹೆಜ್ಜೆ ಮುಂದಿಟ್ಟ. ಚಾಚಿದ ಕೈಯನ್ನು ವಾಲ್ಟರ್ ನಿಧಾನವಾಗಿ ತೊಡೆಯ ಮೇಲೆ ಇಟ್ಟುಕೊಂಡ.

ಇವರು ಮಾತ್ರ ತಮ್ಮ ಹಿಡಿತ ಬಿಟ್ಟಿರಲಿಲ್ಲ. ಕುಲುಕಿದ ಕೈಯಿಂದ ಬೆರಳುಗಳನ್ನು ಮಣಿಕಟ್ಟಿಗೆ ಜಾರಿಸಿ, ಇನ್ನೊಂದು ಕೈಯ ಗಡಿಯಾರ ನೋಡುತ್ತ, ಅಧ್ಯಕ್ಷನಾಗಲು ಹೊರಟವನ ನಾಡಿ ಎಣಿಸತೊಡಗಿದರು. ಅವನು ನಿಂತ. ಜೊತೆಯವರು ನಿಂತರು. ಕ್ಯಾಮೆರಾದವರು ಓಡಿ ಬಂದರು. ಇವರು ಪೂರ್ತಿ ಅರ್ಧ ನಿಮಿಷ ಎಣಿಸಿದರು.

"ನೂರಾ ಹತ್ತು!" ಎಂದರು. ಅವರ ಇಂಗ್ಲಿಷೂ ಬಾಗಲಕೋಟೆಯದೇ ಆದ್ದರಿಂದ ನನ್ನ ಕಿವಿಗೆ ಅದು ಕನ್ನಡವಾಗಿಯೇ ಕೇಳಿಸಿತು. "ಎಷ್ಟ ದಿನಾ ಆತು ನೆಟ್ಟಗ ನಿದ್ದಿ ಮಾಡಿ? ಊಟಾ ಮಾಡಿ? ನಾ ಡಾಕ್ಟರ್ ಅದೀನಿ. ಹಿಂಗ ಓಡಿದ್ರ ವೋಟಿನ ದಿನಕ್ಕ ನೀವ ಇರೂದಿಲ್ಲ. ಕುಂದರ್ರಿ."

ಸುತ್ತಲಿನ ಜನ ಗೊಳ್ಳೆಂದು ನಕ್ಕರು. ಅಭ್ಯರ್ಥಿಯೂ ನಕ್ಕ. ನಗುತ್ತ ನಗುತ್ತ, ದಣಿದಿದ್ದನೋ ಏನೋ, ನಿಜವಾಗಿಯೂ ಕೂತುಬಿಟ್ಟ. ಖಾಲಿ ಇದ್ದ ಜಾಗ ವಾಲ್ಟರನ ಪಕ್ಕದ್ದೇ.

"ಈಗ ಐದು ನಿಮಿಷ ಇವನ ಮಾತು ಕೇಳ್ರಿ" ಎಂದರು ಇವರು.

ಅಭ್ಯರ್ಥಿ ಬಿಲ್ಲೆ ಓದಿದ. "ಏನು ಕೆಲಸ ನಿಮ್ಮದು?" ಎಂದು ಕೇಳಿದ.

"ಆರ್ಗನ್ ನುಡಿಸುತ್ತಿದ್ದೆ ಸಾರ್, ಇಲ್ಲೇ ಮೂರು ಮೈಲಿ ಆಚೆ. ಈಗ ಸಾಯದೇ ಇರುವ ಕೆಲಸ. ಸಂಬಳ ಕಡಿಮೆ, ರಜೆ ಇಲ್ಲ."

ಮನುಷ್ಯ ತಲೆ ಹಿಂದೆ ಹಾಕಿ ನಕ್ಕ. ಆಮೇಲೆ ನಗು ನಿಲ್ಲಿಸಿ ಕೇಳತೊಡಗಿದ. ಔಷಧಿಗೆ ಕಾಯುವ ಸಾಲು, ಮನೆ ಖಾಲಿ ಮಾಡಿಸಿದ ಮಾಲೀಕ, ಹೆಣ ಹೊರಲು ಒಪ್ಪದವರು, ಎಲ್ಲವನ್ನೂ ವಾಲ್ಟರ್ ತಮಾಷೆಯ ದನಿಯಲ್ಲೇ ಹೇಳಿದ. ಹೇಳುತ್ತ ತನ್ನ ತಟ್ಟೆಯನ್ನು ಮುಂದೆ ಸರಿಸಿದ. "ಡಾಕ್ಟರು ಊಟ ಮಾಡಿ ಅಂದಿದ್ದಾರೆ ಸಾರ್. ತಗೊಳ್ಳಿ."

ತಟ್ಟೆಯಲ್ಲಿ ಅವನು ಅರ್ಧ ಮುರಿದಿದ್ದ ಜೋಳದ ಬ್ರೆಡ್ಡು. ಬಯಲಿಗೆ ಬಯಲೇ ನೋಡುತ್ತಿತ್ತು. ನನಗೆ ಸಂಕ್ರಾಂತಿಯ ಊಟದ ಹಾಲ್, ಪೇಪರ್ ಟವಲು, ಕಸದ ಡಬ್ಬಿ ಎಲ್ಲ ಕಣ್ಣ ಮುಂದೆ ಬಂದವು. ಈ ಮನುಷ್ಯ ತಿನ್ನದೇ ಹೋದರೆ ಅವನನ್ನು ದೂರುವ ಹಕ್ಕು ನನಗಿಲ್ಲ ಅನ್ನಿಸಿತು.

ಅವನು ಒಂದು ತುಂಡು ಎತ್ತಿ ಬಾಯಿಗೆ ಹಾಕಿಕೊಂಡ. ಅಗಿದ. "ಬೆಣ್ಣೆ ಕಡಿಮೆ" ಅಂದ.

ಉಳಿದ ತುಂಡನ್ನು ನಾನು ಎತ್ತಿಕೊಂಡು ತಿಂದೆ. ಯಾರೂ ನನ್ನನ್ನು ಗಮನಿಸಲಿಲ್ಲ, ಇವರೊಬ್ಬರ ಹೊರತು. ನನ್ನ ಬೆನ್ನಿನ ಮೇಲೆ ಒಂದು ಗುದ್ದು ಬಿತ್ತು. "ಮೈಸೂರು ಬಾಗಲಾ ಮುರೀತು" ಎಂದರು.

ಅಂದಿನ ಭಾಷಣದಲ್ಲಿ ಏಡ್ಸ್ ಬಗ್ಗೆ ಒಂದು ಮಾತು ಬಂತು. ಇವರ ಗಡಿಯಾರದ ಪ್ರಕಾರ ಹನ್ನೊಂದು ಸೆಕೆಂಡು. ಗೆದ್ದವರಂತೆ ಇವರು ಎರಡೂ ಕೈ ಮೇಲೆತ್ತಿದರು. ಆದರೆ ನಿಜವಾದ ಗೆಲುವು ಆಮೇಲೆ ಬಂತು. ದೊಡ್ಡ ಟೋಪಿಯ ಮುದುಕಿಯೊಬ್ಬಳು ಕೋಲೂರಿಕೊಂಡು ನಮ್ಮ ಬೆಂಚಿಗೆ ಬಂದಳು. ವಾಲ್ಟರನ ಚರ್ಚಿನ ಹಾಡುವ ಮೇಳದ ಯಜಮಾನಿ. ಅವನು ಎದ್ದು ನಿಂತ. ಅವಳು ಮೇಲಿಂದ ಕೆಳಗೆ ನೋಡಿದಳು.

"ನೀನು ಹೋದ ಮೇಲೆ ಯಾರು ಆರ್ಗನ್ ನುಡಿಸುತ್ತಿದ್ದಾರೆ ಗೊತ್ತಾ? ಪಾದ್ರಿಯ ತಂಗಿ. ಮೂರು ವರ್ಷದಿಂದ ದೇವರು ಕಿವಿ ಮುಚ್ಚಿಕೊಂಡು ಕೂತಿದ್ದಾನೆ" ಎಂದಳು. "ನಾಳೆ ಭಾನುವಾರ. ಹತ್ತು ಗಂಟೆಗೆ ಬಾ. ಯಾರಾದರೂ ಏನಾದರೂ ಅಂದರೆ ಈ ಕೋಲಿದೆ."

ಆ ರಾತ್ರಿ ಷಾರ್ಲೆಟ್‌ನಲ್ಲಿ ಇವರ ಮನೆಯಲ್ಲೇ ಮೂವರೂ ಉಳಿದೆವು. ಮರುದಿನ ಇವರ ಗಂಡನನ್ನೂ ಹೊರಡಿಸಿಕೊಂಡು ಚರ್ಚಿಗೆ ಹೋದೆವು. ನಾಲ್ಕೈದು ಕುಟುಂಬ ಎದ್ದು ಹೊರಗೆ ಹೋದದ್ದು ನಿಜ. ಉಳಿದವರು ಉಳಿದರು. ವಾಲ್ಟರ್ ಮೊದಲ ಸ್ವರ ಒತ್ತಿದಾಗ ಆ ಮರದ ಕಟ್ಟಡವೇ ಎದ್ದು ನಿಂತಂತಾಯಿತು. ವಿಭೂತಿ ಹಚ್ಚಿದ ಹಣೆಯ ಆ ಗಂಡಹೆಂಡಿರು ಚಪ್ಪಾಳೆ ತಟ್ಟುತ್ತ, ತಾಳ ತಪ್ಪುತ್ತ, ಗೊತ್ತಿಲ್ಲದ ಹಾಡನ್ನು ಗಟ್ಟಿಯಾಗಿ ಹಾಡುತ್ತಿದ್ದುದು ನನ್ನ ಕಣ್ಣಿಗೆ ಇನ್ನೂ ಕಟ್ಟಿದಂತಿದೆ.

ಆ ಬೇಸಿಗೆಯಲ್ಲಿ ಡಾಕ್ಟರು ಈ ದೇಶದ ಪ್ರಜೆಯಾದರು. ಹದಿನೆಂಟು ವರ್ಷ ಗ್ರೀನ್ ಕಾರ್ಡಿನಲ್ಲೇ ಇದ್ದವರು, ಊರಿನ ಪಾಸ್‌ಪೋರ್ಟ್ ಬಿಡಲು ಮನಸ್ಸಾಗದೆ. ಈಗ ಓಟು ಹಾಕಲೇಬೇಕೆಂದು ಹಟ. ಪ್ರಮಾಣ ಮಾಡಿ ಬಂದ ದಿನ ಕ್ಲಿನಿಕ್ಕಿನ ಔಷಧಿ ಕೋಣೆಯಲ್ಲಿ ಒಬ್ಬರೇ ಕೂತು ಅತ್ತರು. ಅವರು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಆಮೇಲೆ ಮೂಗು ಒರೆಸಿಕೊಂಡು, "ಪಾಸ್‌ಪೋರ್ಟ್ ಕೊಟ್ಟ ಬಂದೆ. ಊರು ಕೊಟ್ಟಿಲ್ಲ. ಅದನ್ನ ಕೇಳಾಕ ಅವರಿಗೆ ಫಾರ್ಮ್ ಇಲ್ಲ" ಎಂದರು.

ಅಕ್ಟೋಬರಿನಲ್ಲಿ ವಾಷಿಂಗ್ಟನ್ನಿಗೆ ಹೋದೆವು. ಏಡ್ಸ್‌ನಿಂದ ತೀರಿಕೊಂಡವರ ನೆನಪಿಗೆ ಅವರ ಮನೆಯವರು, ಗೆಳೆಯರು ಹೊಲಿದ ಬಟ್ಟೆಯ ತುಂಡುಗಳನ್ನು ಜೋಡಿಸಿ ದೊಡ್ಡ ಬಯಲಿನಲ್ಲಿ ಹಾಸಿದ್ದರು. ಅಂಚೇ ಕಾಣದಷ್ಟು ದೂರ. ಚುನಾವಣೆಗೆ ಮುಂಚೆ ದೇಶ ಇದನ್ನು ನೋಡಲಿ ಎಂದು. ಇವರು ಅದನ್ನು ಕಂಡವರೇ "ಅಯ್ಯ ಶಿವನ, ಕೌದಿ!" ಎಂದು ಕೂಗಿದರು. ಹಳೆ ಸೀರೆ, ಅಂಗಿಯ ತುಂಡುಗಳನ್ನು ಸೇರಿಸಿ ಅವರ ಊರಲ್ಲಿ ಹೊಲಿಯುವ ಹೊದಿಕೆ. ನಡೆಯುತ್ತ ಹೋದಂತೆ ತಮ್ಮ ರೋಗಿಗಳ ಹೆಸರು ಸಿಕ್ಕವು. ಪ್ರತಿ ಹೆಸರಿನ ಮುಂದೆ ಕೂತು ಒಂದೊಂದು ಕತೆ ಹೇಳಿದರು: ಇವನು ಐಸ್‌ಕ್ರೀಮ್ ಕದ್ದು ತಿನ್ನುತ್ತಿದ್ದ, ಇವನು ನನಗೆ ಕುಣಿಯಲು ಕಲಿಸಿದ, ಇವಳು ನನ್ನ ಅಡುಗೆಗೆ ಹೆಸರಿಟ್ಟಳು. ಒಂದು ತುಂಡಿನ ಅಂಚಿನಲ್ಲಿ ದಾರ ಬಿಟ್ಟಿತ್ತು. ಪರ್ಸಿನಿಂದ ಸೂಜಿ ತೆಗೆದರು. ಮುಟ್ಟಬಾರದು ಎಂದು ಹೇಳಲು ಬಂದ ಸ್ವಯಂಸೇವಕ ಅವರ ಹೊಲಿಗೆ ನೋಡಿ ಸುಮ್ಮನೆ ಪಕ್ಕದಲ್ಲಿ ಕೂತು ದಾರ ಹಿಡಿದುಕೊಂಡ.

ನವೆಂಬರಿನಲ್ಲಿ ಮತದಾನ. ಅವರದೂ ವಾಲ್ಟರನದೂ ಮತಗಟ್ಟೆ ಒಂದೇ, ಅವರ ಬಡಾವಣೆಯ ಶಾಲೆ. ನನಗೆ ಓಟಿಲ್ಲ, ಕಾರು ಓಡಿಸಿಕೊಂಡು ಹೋದೆ. ವಾಲ್ಟರ್ ಆ ತಿಂಗಳು ತೀರಾ ಸೋತಿದ್ದ. ಮುಂದೆ ಹೊಸ ಔಷಧಗಳು ಬಂದು ಅವನು ಮತ್ತೆ ಮೈ ತುಂಬಿಕೊಳ್ಳುತ್ತಾನೆ, ಇಂದಿಗೂ ಭಾನುವಾರ ಆರ್ಗನ್ ನುಡಿಸುತ್ತಾನೆ ಎಂಬುದು ಆಗ ನಮಗಾರಿಗೂ ಗೊತ್ತಿರಲಿಲ್ಲ. ಒಂದು ಗಂಟೆಯ ಸಾಲು. ಕುರ್ಚಿ ಕೊಡುತ್ತೇವೆಂದರೂ ಅವನು ಬೇಡವೆಂದು, ಇವರ ಹೆಗಲ ಮೇಲೆ ಕೈಯೂರಿ ನಿಂತ. ಅವನ ಎದೆಯ ಎತ್ತರಕ್ಕೆ ಇವರ ತಲೆ.

ಹೊರಗೆ ಬಂದಾಗ ಇವರ ಮುಖ ಪರೀಕ್ಷೆ ಬರೆದು ಬಂದ ಹುಡುಗಿಯಂತೆ ಹೊಳೆಯುತ್ತಿತ್ತು. ನನಗೆ ತಡೆಯಲಾಗಲಿಲ್ಲ.

"ಯಾರಿಗ್ ಹಾಕಿದ್ರಿ ಅಕ್ಕ?"

"ನಮ್ಮ ಕಂಪ್ಯೂಟರಿನ್ಯಾಗ ಯಾರ್ಯಾರ ಹೆಸರು ಅದಾವು ಅಂತ ನಿನ್ನ ಗಂಡಗ ಹೇಳೀ ಏನು?"

"ಇಲ್ಲಪ್ಪ. ಅವ್ರು ಎಷ್ಟ್ ಸಲ ಕೇಳಿದ್ರೂ ಹೇಳಿಲ್ಲ."

"ಹಂಗಾದ್ರ ಇದನ್ನೂ ಕೇಳಬ್ಯಾಡ. ಒಳಗಿಂದು ಒಳಗ."

"ನಾನು ಹೇಳುತ್ತೇನೆ!" ಎಂದು ವಾಲ್ಟರ್ ಪಾರ್ಕಿಂಗ್ ಬಯಲಿಗೆಲ್ಲ ಕೇಳುವಂತೆ ಕೂಗಿದ. "ನಾನು ಓಟು ಹಾಕಿದ್ದು..."

ಇವರು ಎಗರಿ ಅಂಗೈಯಿಂದ ಅವನ ಬಾಯಿ ಮುಚ್ಚಿದರು. ಅವನು ಕೈಯೊಳಗಿಂದಲೇ ಹೆಸರು ಹೇಳಲು ನೋಡಿದ, ಇವರು ಇನ್ನೂ ಬಿಗಿಯಾಗಿ ಒತ್ತಿದರು. ಸಾಲಿನಲ್ಲಿದ್ದ ಜನರೆಲ್ಲ ತಿರುಗಿ ನೋಡುತ್ತಿದ್ದರು. ಬೆರಳ ಸಂದಿಯಿಂದ "ಸಾಕ್ರೀ ಯವ್ವಾ, ಸಾಕ್ರೀ" ಎಂಬುದು ಬಿಟ್ಟರೆ ಒಂದಕ್ಷರವೂ ಹೊರಗೆ ಬರಲಿಲ್ಲ.